ಅಪ್ಪನ ಧ್ವನಿಗೆ ಏಳು ನಿಮಿಷ

ಮಾರ್ಚ್ 3, ಬೆಳಗ್ಗೆ 11
ಮತ್ತೆ ಬಾಯಿ. ಎದ್ದಾಗಿನಿಂದ ಹನ್ನೆರಡು ಹಾಳೆ ಚಿತ್ರ ಬರೆದೆ, ಹನ್ನೆರಡೂ ಬಾಯಿ. ಅಂದ್ರೆ ನನ್ನ ಅನಿಮೇಷನ್ ಸಿನಿಮಾದಲ್ಲಿ ಒಂದೇ ಒಂದು ಸೆಕೆಂಡು! ಹಾಳೆ ಕೆಳಗಿಂದ ಬೆಳಕು ಬಿಡೋ ಲೈಟ್ ಬಾಕ್ಸ್ ಮೇಲೆ ಬಗ್ಗಿ ಬಗ್ಗಿ ಕತ್ತು ಕೊರಡಾಗಿದೆ.
ಕಥೆ ಮನೆಯದೇ. ಅಮ್ಮ ಆಫೀಸಿನ ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡಳು. ಒಳಗೆ ಕಗ್ಗತ್ತಲು. ರಿಪೇರಿಗೆ ಬಂದ ಮೆಕ್ಯಾನಿಕ್ ಬಾಗಿಲಾಚೆಯಿಂದ ನಲವತ್ತು ನಿಮಿಷ ಧೈರ್ಯ ಹೇಳಿದರು. ಅವರೇ ಅಪ್ಪ. ಅಪ್ಪನಿಗೆ ಉಗ್ಗು. "ನನ್ನ ಮಾತು ಪೂರ್ತಿ ಕೇಳಿದ ಮೊದಲನೇ ವ್ಯಕ್ತಿ ನಿಮ್ಮಮ್ಮ. ಪಾಪ, ಓಡಿಹೋಗೋಕೆ ಜಾಗ ಇರ್ಲಿಲ್ಲ." ಇಷ್ಟು ಹೇಳಿ ಮುಗಿಸೋದ್ರೊಳಗೆ ಟೀ ಆರಿಹೋಗುತ್ತೆ.

ಮಾರ್ಚ್ 9
ರೇಡಿಯೋದವರೊಬ್ಬರು ಅಪ್ಪನ ಪಾತ್ರಕ್ಕೆ ಧ್ವನಿ ಕೊಟ್ಟಿದ್ದಾರೆ. ಜೇನು ಸುರಿದ ಹಾಗೆ. ಒಂದಕ್ಷರ ಎಡವಲ್ಲ. ಊಟ ಮಾಡ್ತಾ ಕೇಳಿಸಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು.
"ಚೆ… ಚೆನ್ನಾಗಿದೆ. ಯಾ… ಯಾರಿದು?"
"ನೀವೇ ಅಪ್ಪ."
"ಓಹೋ" ಅಂದು ತಟ್ಟೆ ತಗೊಂಡು ಎದ್ದರು.

ಮಾರ್ಚ್ 10
ಸಿನಿಮಾಕ್ಕೆ ನೀವೇ ಮಾತಾಡಿ ಅಂದೆ ಅಪ್ಪನಿಗೆ. "ಹು… ಹುಚ್ಚಾ ನಿಂಗೆ?"
ಅಮ್ಮ ನಡುವೆ ಬಾಯಿ ಹಾಕಿದಳು. "ರೀ, ನಾನು ಕೇಳಿದ್ದು ನಿಮ್ಮ ಧ್ವನಿ. ಆ ರೇಡಿಯೋದವನಾಗಿದ್ರೆ ಲಿಫ್ಟಲ್ಲೇ ನಿದ್ದೆ ಹೊಡೀತಿದ್ದೆ."
ಅಪ್ಪ ಗಡ್ಡ ಕೆರಕೊಂಡರು. ಅಂದ್ರೆ ಒಪ್ಪಿಗೆ.

ಮಾರ್ಚ್ 14
ರೆಕಾರ್ಡಿಂಗ್. ಸ್ಟುಡಿಯೋ ಎಲ್ಲಿಂದ ಬರಬೇಕು — ಬೀರು ಇರೋ ಕೋಣೆ, ಸುತ್ತ ಕಂಬಳಿ. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬಂದರು! ಮೈಕಿಗೇನು ಕಣ್ಣಿದೆಯಾ?

ಏಪ್ರಿಲ್ 2
ಮೂರು ವಾರ ಬರೆಯೋಕೆ ಪುರುಸೊತ್ತೇ ಇಲ್ಲ. ಹಳೇ ಬಾಯಿಗಳೆಲ್ಲ ರದ್ದಿಗೆ. 'ಮ' ಅನ್ನೋಕೆ ಅಪ್ಪನಿಗೆ ಮೂರು ಸೆಕೆಂಡು. ಮೂವತ್ತಾರು ಚಿತ್ರ, ತುಟಿ ಮುಚ್ಚಿಯೇ ಇದೆ. ಅಷ್ಟು ಹೊತ್ತು ಮುಖದಲ್ಲಿ ಏನಾಗುತ್ತೆ? ಗೊತ್ತಿಲ್ಲ. ಅಪ್ಪ ತಡವರಿಸಿದಾಗೆಲ್ಲ ಬೇರೆ ಕಡೆ ನೋಡ್ತಿದ್ದೆ, ಚಿಕ್ಕಂದಿನಿಂದ. ಮರ್ಯಾದೆ ಅಂದ್ಕೊಂಡಿದ್ದೆ.
ಇವತ್ತು ಎದುರಿಗೆ ಕೂರಿಸಿ ನೋಡಿದೆ. ಹುಬ್ಬು ಏರುತ್ತೆ. ಬಲಗೈ ಹೆಬ್ಬೆರಳು ಸ್ಕ್ರೂ ತಿರುಗಿಸಿದ ಹಾಗೆ ತಿರುಗುತ್ತೆ. ಮಾತು ಹೊರಡೋ ಮುಂಚೆ ಕಣ್ಣು ನಗುತ್ತೆ. ಮೂವತ್ತೆರಡು ವರ್ಷಕ್ಕೆ ಕಂಡೆ.

ಏಪ್ರಿಲ್ 20
ಎಡವಟ್ಟು. ಸಿನಿಮಾ ಕಳಿಸಬೇಕಿರೋ ಚಿತ್ರೋತ್ಸವದವರ ನಿಯಮ: ಏಳು ನಿಮಿಷದೊಳಗಿರಬೇಕು. ನಮ್ಮದು ಎಂಟು ನಿಮಿಷ ಒಂಬತ್ತು ಸೆಕೆಂಡು.
ಎಡಿಟರ್ ಗೆಳತಿ ಫೋನಲ್ಲಿ, "ಉಗ್ಗನ್ನ ಅಲ್ಲಲ್ಲಿ ಕತ್ತರಿಸೇ. ಯಾರಿಗೂ ಗೊತ್ತಾಗಲ್ಲ" ಅಂದಳು. ಸ್ಪೀಕರ್ ಆನ್ ಇತ್ತು. ಅಪ್ಪ ಕೇಳಿಸಿಕೊಂಡರು.
"ಕ… ಕತ್ತರಿಸು ಪುಟ್ಟಿ. ಅಭ್ಯಾಸ ಆಗಿದೆ. ನಾನು ಮುಗಿಸೋಕೆ ಮುಂಚೆ ಜ… ಜನಾನೇ ಮುಗಿಸ್ತಾರೆ."
ನಗ್ತಾನೇ ಅಂದರು. ನನಗೆ ನಗು ಬರಲಿಲ್ಲ.

ಏಪ್ರಿಲ್ 21
ಆರಂಭದ ದೃಶ್ಯಾನೇ ಕಿತ್ತುಹಾಕಿದೆ. ತಾರಸಿಯ ಪಾರಿವಾಳ, ಕಿಟಕಿಗಳು, ಮೆಟ್ಟಿಲು ಸುತ್ತಿ ಸುತ್ತಿ ಲಿಫ್ಟಿನ ತನಕ. ಎಪ್ಪತ್ತು ಸೆಕೆಂಡು, ಎಂಟುನೂರ ನಲವತ್ತು ಹಾಳೆ, ಎರಡು ತಿಂಗಳ ದುಡಿತ.
"ನೀನು ಬರೆದಿದ್ದರಲ್ಲಿ ಅದೇ ಚೆನ್ನಾಗಿತ್ತಲ್ಲೇ!" — ಗೆಳತಿ.
ಗೊತ್ತು. ಒಂದು ಗಳಿಗೆ ಅತ್ತೆ, ಮುಖ ತೊಳಕೊಂಡೆ. ಈಗ ಏಳು ನಿಮಿಷಕ್ಕೆ ಒಂದು ಸೆಕೆಂಡು ಕಮ್ಮಿ. ಅಪ್ಪನ ಮಾತು ಒಂದೂ ಹೋಗಿಲ್ಲ.

ಜುಲೈ 6
ಆಯ್ಕೆ ಆಗಿ, ಇವತ್ತು ಮಧ್ಯಾಹ್ನ ಪ್ರದರ್ಶನವೂ ಆಯ್ತು.
ಪುಟ್ಟ ಹಾಲ್, ಅರವತ್ತು ಜನ ಇರಬಹುದು. ಮೊದಲ ಸಲ ಮಾತು ತಡೆದಾಗ ಹಿಂದೆ ಯಾರೋ ಕಿಸಕ್ ಅಂದರು. ಆಮೇಲೆ ಗಪ್‌ಚಿಪ್. "ಓ… ಓಡಿಹೋಗೋಕೆ" ಬಂದಾಗ ಹಾಲಲ್ಲಿದ್ದ ಅಷ್ಟೂ ಜನ ಕಾಯ್ತಾ ಕೂತಿದ್ದರು. "ಜಾಗ ಇರ್ಲಿಲ್ಲ" — ಗೊಳ್ಳೆಂದರು! ಅಪ್ಪ ನನ್ನ ಮೊಣಕೈ ತಿವಿದರು. "ನ… ನಕ್ಕರು ಕಣೇ!"
ಮುಗಿದ ಮೇಲೆ ಮೈಕು ನನ್ನ ಕೈಗೆ ಬಂತು. ಅಪ್ಪ ಕಸಕೊಂಡರು. ಜನ್ಮದಲ್ಲಿ ಮೈಕು ಮುಟ್ಟಿದವರಲ್ಲ, ಬೀರು ಕೋಣೆ ಬಿಟ್ಟರೆ.
"ಒಂ… ಒಂದು ಸುಳ್ಳಿದೆ ಇದರಲ್ಲಿ. ಲಿಫ್ಟು ಹ… ಹತ್ತೇ ನಿಮಿಷಕ್ಕೆ ರಿಪೇರಿ ಆಗಿತ್ತು."
ಅಮ್ಮ: "ರೀ!"
"ಮಾ… ಮಾತು ಮುಗಿದಿರ್ಲಿಲ್ಲ."
ಚಪ್ಪಾಳೆ ನಿಲ್ಲಲೇ ಇಲ್ಲ. ಅಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಜುಲೈ 7, ಬೆಳಗ್ಗೆ 8
ಅಮ್ಮ ನಿನ್ನೆಯಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ. ಟೀ ಮಾತ್ರ ಎರಡು ಸಲ ಕೊಟ್ಟಿದ್ದಾಳೆ. ಅಡುಗೆಮನೆಗೆ ಹೋಗಿ, "ನಿಜವಾಗ್ಲೂ ಕೋಪಾನಾ?" ಅಂದೆ.
ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. "ಹತ್ತು ನಿಮಿಷಕ್ಕೆ ಲಿಫ್ಟಲ್ಲಿ ದೀಪ ಹತ್ತಿತ್ತು ಕಣೇ. ಗುಂಡಿ ಒತ್ತಿದ್ರೆ ಬಾಗಿಲು ತೆಗೀತಿತ್ತು. ನಾನೇ ಒತ್ತಲಿಲ್ಲ. ನಿಮ್ಮಪ್ಪನಿಗೆ ಹೇಳಬೇಡ, ತಲೆ ಮೇಲೆ ಕೂತ್ಕೋತಾರೆ."
ಪ್ರಾಣ ಹೋದರೂ ಹೇಳಲ್ಲ ಅಂತ ಭಾಷೆ ಕೊಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗದೆ ಇಲ್ಲಿ ಬರೀತಿದ್ದೀನಿ.
ಅಪ್ಪ ಟೀ ಲೋಟ ಹಿಡಕೊಂಡು ಹಿಂದೆ ಬಂದು ನಿಂತಿದ್ದಾರೆ. ಕನ್ನಡಕ ಹಾಕ್ಕೊಂಡಿದ್ದಾರೆ. ಎಷ್ಟು ಹೊತ್ತಿಂದಲೋ —