ಎಳೆದು ಇಳಿಸಿದ ಮಾತ್ರಕ್ಕೆ ಗುಜರಿಯೇ?

ಬಂದರಿನ ವಾಹನ ತಪಾಸಣಾಧಿಕಾರಿಗಳೇ,

ಬರುವ ಗುರುವಾರ ತಾವು ಗುಜರಿಗೆ ಹಾಕಲಿರುವ ಬೂದು ಬಣ್ಣದ ಕಾರು ನನ್ನದು. ಅದು ಕೆಟ್ಟಿಲ್ಲ. ಅದರಲ್ಲಿ ಪೆಟ್ರೋಲ್ ಇಲ್ಲ, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸವನ್ನು ತಮ್ಮ ಕಚೇರಿಗೆ ತಿಳಿಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಎಡವಟ್ಟಾದದ್ದು ಒಂದು ಪದದಿಂದ. ಹೊಸ ಕೆಲಸಕ್ಕೆಂದು ಸಮುದ್ರ ದಾಟಿ ಬರುವಾಗ, ಕಾರನ್ನು 'ಖಾಲಿ' ಮಾಡಿ ಹಡಗಿಗೆ ಕೊಡಬೇಕೆಂದು ಸಾಗಣೆ ಕಚೇರಿಯ ಹೆಂಗಸು ಫೋನಿನಲ್ಲಿ ಹೇಳಿದರು. ಫೋನ್ ಹಿಡಿದಿದ್ದವರು ನನ್ನ ಭಾವ, ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವ ಮನುಷ್ಯ. "ಖಾಲಿ ಅಂದ್ರೆ ಪೂರ್ತಿ ಖಾಲಿನಾ ಮೇಡಂ?" ಎಂದು ಕೇಳಿದರು. "ಖಾಲಿ ಅಂದ್ರೆ ಖಾಲಿ ಕಣ್ರೀ, ಅದರಲ್ಲೇನು ಅರ್ಧ ಖಾಲಿ?" ಎಂಬ ಉತ್ತರ ಬಂತು. ಆಕೆ ಹೇಳಿದ್ದು ಸೀಟಿನ ಮೇಲಿನ ಸಾಮಾನಿನ ಮಾತು. ಭಾವ ಮನೆ ಖಾಲಿ ಮಾಡಿದ ಹುಮ್ಮಸ್ಸಿನಲ್ಲೇ ಛತ್ರಿ, ದಿಂಬುಗಳ ಜೊತೆ ಟ್ಯಾಂಕಿನ ಪೆಟ್ರೋಲನ್ನೂ ಕೊನೆಯ ಹನಿಯವರೆಗೆ ಬಸಿದುಬಿಟ್ಟರು. ಆ ದಡದಲ್ಲಿ ಕಾರನ್ನು ತಳ್ಳಿಯೇ ಹಡಗು ಹತ್ತಿಸಿದರು. ಯಾರೂ ಚಕಾರ ಎತ್ತಲಿಲ್ಲ.

ಈ ದಡದಲ್ಲಿ ತಮ್ಮ ನಿಯಮವೇ ಬೇರೆ. ತಾನಾಗಿ ಓಡಿ ಇಳಿದದ್ದು ವಾಹನ, ಎಳೆದು ಇಳಿಸಿದ್ದು ಗುಜರಿ. ಎಂಥ ಸೊಗಸು! ಬಾನೆಟ್ ಎತ್ತಿ ನೋಡುವ ಶ್ರಮವೂ ಇಲ್ಲ. ತಂತಿಬೇಲಿಯಾಚೆ ನನ್ನ ಕಾರು ಕಾಣುತ್ತದೆ, ಗಾಜಿನ ಮೇಲೆ 'ಗುಜರಿ' ಎಂದು ಬರೆದ ಹಳದಿ ಚೀಟಿ. "ಒಂದು ಡಬ್ಬ ಪೆಟ್ರೋಲ್ ಹಾಕ್ತೀನಿ ಸಾರ್, ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನೀವೇ ಪುಡಿ ಮಾಡಿ" ಎಂದು ಕಿಟಕಿಯಲ್ಲಿದ್ದ ತಮ್ಮ ಸಹಾಯಕರನ್ನು ಅಂಗಲಾಚಿದೆ. "ಗುಜರಿಗೆ ಯಾರಾದ್ರೂ ಪೆಟ್ರೋಲ್ ಹಾಕ್ತಾರೇನಮ್ಮಾ? ಬೇರೆ ತಗೊಳ್ಳಿ" ಎಂದು ನಕ್ಕರು.

ಬೇರೆ ಎಲ್ಲಿಂದ ತರಲಿ? ನನ್ನ ಎರಡೂ ಕಾಲುಗಳಿಗೆ ಬಲವಿಲ್ಲ. ಆ ಕಾರಿನ ಬ್ರೇಕು, ವೇಗ ಎರಡೂ ಸ್ಟಿಯರಿಂಗ್ ಪಕ್ಕದ ಹಿಡಿಕೆಯಲ್ಲಿವೆ. ನನ್ನ ಅಂಗೈ ಅಳತೆಗೆ ಮಾಡಿಸಿಕೊಂಡ ಹಿಡಿಕೆ ಅದು. ಆಸ್ಪತ್ರೆಯಲ್ಲಿ ಮಕ್ಕಳ ಕಿವಿ ಪರೀಕ್ಷಿಸುವ ಕೆಲಸ ನನ್ನದು. ಇಲ್ಲಿನ ಬಸ್ಸಿನ ಮೆಟ್ಟಿಲು ನನ್ನ ಪಾಲಿಗೆ ಗೋಡೆ. ಬೆಳಿಗ್ಗೆ ಗಂಡ ಎತ್ತಿ ಟ್ಯಾಕ್ಸಿಯಲ್ಲಿ ಕೂರಿಸುತ್ತಾನೆ, ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಎತ್ತಿ ಇಳಿಸುತ್ತಾನೆ. ಇಬ್ಬರೂ ಒಳ್ಳೆಯವರೇ. ಆದರೂ ದಿನಾ ಅಳು ಬರುತ್ತದೆ. ಎಷ್ಟೋ ವರ್ಷ ನನ್ನನ್ನು ನಾನೇ ಕರೆದೊಯ್ದವಳು ಈಗ ಸಾಮಾನಾಗಿದ್ದೇನೆ. ಆ ಕಾರು ಹೋದರೆ ಇದೇ ನನ್ನ ಬಾಳು ಎಂದು ಹೆದರಿಕೆಯಾಗುತ್ತಿದೆ.

ಬುಧವಾರದೊಳಗೆ ಒಂದು ಡಬ್ಬ ಪೆಟ್ರೋಲಿನೊಂದಿಗೆ ನನ್ನನ್ನು ಆ ಬೇಲಿಯೊಳಗೆ ಬಿಡಿ. ಕೀಲಿ ತಿರುಗಿಸುವವಳು ನಾನೇ. ಆಗುವುದೇ ಇಲ್ಲವೆಂದರೆ ಇದೊಂದಕ್ಕೆ ಉತ್ತರ ಕೊಡಿ. ಈ ದೇಶಕ್ಕೆ ಬಂದ ದಿನ ವಿಮಾನದಿಂದ ನನ್ನನ್ನೂ ಇಬ್ಬರು ಎತ್ತಿಯೇ ಇಳಿಸಿದರು. ನನಗೆ ಹಳದಿ ಚೀಟಿಯನ್ನು ಎಲ್ಲಿ ಅಂಟಿಸುತ್ತೀರಿ?

ಇಂತಿ,
ಬೇಲಿಯಾಚೆ ಕೀಲಿ ಹಿಡಿದು ಕೂತವಳು