ಪೋಸ್ತ್

ರಿಚ್ಮಂಡ್ ಹಿಲ್
೧೫ ಏಪ್ರಿಲ್ ೨೦೧೮, ರವಿವಾರ

ಗಂಗಕ್ಕಾ,

ನಿನ್ನ ತಂಗಿ ಚನ್ನಬಸವ್ವನ ಶರಣು. ಏಪ್ರಿಲ್ ಅರ್ಧ ಮುಗಿದರೂ ಇಲ್ಲಿ ನಿನ್ನೆಯಿಂದ ಐಸಿನ ಮಳೆ. ಗಿಡದ ಟೊಂಗೆಗಳೆಲ್ಲ ಗಾಜಿನ ಬಳೆ ತೊಟ್ಟ ಹಾಗಿವೆ. ಬುಧವಾರ ಬಸವ ಜಯಂತಿ. ಅಲ್ಲಿ ನೀವು ತೊಟ್ಟಿಲು ತೂಗುವಾಗ ನನ್ನದೂ ಒಂದು ಕೈ ಇದೆ ಅಂದುಕೋ.

ನಾನು ನೋಡಿಕೊಳ್ಳುವ ರಷ್ಯದ ಮುದುಕಿ ಈಗ ಉಣ್ಣುತ್ತಾಳೋ, ಇಲ್ಲಾ ವೃದ್ಧಾಶ್ರಮಕ್ಕೆ ಕಳಿಸಿಬಿಟ್ಟರೋ ಎಂದು ನೀನು ಫೋನಿನಲ್ಲಿ ಕೇಳಿದೆ. ಅವತ್ತು ಮಾತು ಹಾರಿಸಿದೆ. ಇವತ್ತು ಎಲ್ಲ ಬರೆಯುತ್ತೇನೆ.

ಹೆಸರು ನೀನಾ ಪೆತ್ರೋವ್ನಾ. ನಮ್ಮ ಅಜ್ಜಿಗೆ ಅನ್ನುತ್ತಿದ್ದ ಹಾಗೆ ಇವಳಿಗೂ ನಾನು ಆಯಿ ಅನ್ನುತ್ತೇನೆ. ರಷ್ಯದಲ್ಲಿ ಸಾಲಿ ಮಾಸ್ತರಳಾಗಿದ್ದಳಂತೆ. ಮಗನ ಹಿಂದೆ ಇಲ್ಲಿಗೆ ಬಂದಳು, ಮಗ ತೀರಿಹೋದ. ಈಗ ಸೊಸೆಯೇ ನೋಡಿಕೊಳ್ಳುತ್ತಾಳೆ. ಸೊಸೆ ಇಲ್ಲಿಯವಳು, ಆಸ್ಪತ್ರೆಯಲ್ಲಿ ನರ್ಸ್. ಅವಳ ಹೆಸರು ಹೆದರ್, ಆದರೆ ಯಾರಿಗೂ ಹೆದರುವವಳಲ್ಲ. ಮರೆವಿನ ಕಾಯಿಲೆ ಬಂದ ಮೇಲೆ ಆಯಿಗೆ ಇಂಗ್ಲಿಷ್ ಪೂರಾ ಹಾರಿಹೋಗಿ ಬರೀ ರಷ್ಯನ್ ಉಳಿದಿದೆ. ಅದು ಹೆದರ್‌ಗೂ ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನ ಆಯಿ ಒಂದೇ ಸಮ "ವಡಾ, ವಡಾ" ಅಂದಳು. ಯಾವುದೋ ಹೋಟೆಲಿನಲ್ಲಿ ತಿಂದ ರುಚಿ ನೆನಪಾಗಿರಬೇಕು ಪಾಪ ಎಂದುಕೊಂಡು, ಮನೆಗೆ ಬಂದು ಉದ್ದಿನಬೇಳೆ ನೆನೆಹಾಕಿದೆ. ನನ್ನ ಯಜಮಾನರು ನಿಜಲಿಂಗಪ್ಪನವರು, "ಕಟ್ಟಿಕೊಂಡ ಗಂಡ ಕೇಳಿದ್ರ ಒಂದ್ ವಡಾ ಇಲ್ಲ, ರಷ್ಯಾಕ್ಕ ಎಕ್ಸ್‌ಪೋರ್ಟ್ ನಡದೈತಿ" ಅಂದರು. ಮರುದಿನ ಬಿಸಿಬಿಸಿ ಒಯ್ದು ಮುಂದಿಟ್ಟೆ. ಆಯಿ ತಾಟು ನೋಡಿದಳು, ನನ್ನ ಮುಖ ನೋಡಿದಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ನಳದ ಕಡೆ ಬೆರಳು ತೋರಿಸಿ "ವಡಾ!" ಅಂದಳು. ಅವರ ಭಾಷೆಯಲ್ಲಿ ನೀರಿಗೆ ವಡಾ ಅನ್ನುತ್ತಾರಂತೆ ಅಕ್ಕಾ!

ಅಂದಿನಿಂದ ಅವಳು ಮಾಸ್ತರಳು, ನಾನು ಅಕ್ಷರ ತಿದ್ದುವ ಬಿನ್ನೆತ್ತಿ ಹುಡುಗಿ. ಡಬ್ಬಿಗಳ ಮೇಲೆಲ್ಲ ಕನ್ನಡದಲ್ಲಿ ಚೀಟಿ ಅಂಟಿಸಿದೆ. ಉಪ್ಪು ಸೋಲ್, ಉಳ್ಳಾಗಡ್ಡಿ ಲೂಕ್, ರೊಟ್ಟಿ ಹ್ಲೇಬ್. ಸಕ್ಕರೆಗೆ ಸಾಖರ್, ನಮ್ಮ ಸಕ್ರಿಯ ಅಕ್ಕತಂಗಿಯೇ ಇರಬೇಕು. ಚಹಾಕ್ಕೆ ಚಾಯ್. ಅದಕ್ಕೆ ಹಾಲು ಹಾಕುವುದಿಲ್ಲ, ಹಣ್ಣಿನ ಪಾಕವನ್ನು ಚಮಚೆಯಲ್ಲಿ ನೆಕ್ಕುತ್ತಾ ಕಪ್ಪು ಚಹಾ ಕುಡಿಯುತ್ತಾಳೆ. ಗ್ರೇಚ್ಕಾ ಎಂಬ ಕಂದು ಕಾಳನ್ನು ಬೇಯಿಸಿದರೆ ಕಾಶಾ ಆಗುತ್ತದೆ. ಅದರ ಮುಚ್ಚಳ ತೆಗೆದಾಗ ಬರುವ ವಾಸನೆಗೆ ನಮ್ಮ ಆಯಿ ಒಲೆಯ ಮೇಲೆ ಇಡುತ್ತಿದ್ದ ಜೋಳದ ನುಚ್ಚು ಕಣ್ಣ ಮುಂದೆ ಬಂತು. ಬಟಾಟೆಗೆ, ಸೌತೆಗೆ, ಸಾರಿಗೆ, ಎಲ್ಲದಕ್ಕೂ ಸಬ್ಬಸಗಿ. ಅದರ ಹೆಸರು ಉಕ್ರೋಪ್. ನಾನು ತಪ್ಪಿ "ಉಕ್ರಾಪ್" ಅಂದರೆ ಆಯಿ ಬಾಯೇ ತೆರೆಯುವುದಿಲ್ಲ. ಸರಿಯಾಗಿ ಹೇಳಿದ ಮೇಲೆಯೇ ತುತ್ತು. ಗದ್ದಲವಿಲ್ಲದ ಆ ಮನೆಯಲ್ಲಿ ಸಬ್ಬಸಗಿ ಸೋಸುತ್ತಾ ಕೂತರೆ ನಮ್ಮೂರ ಹಿತ್ತಲಿನಲ್ಲಿ ನೀನು, ನಾನು, ನಮ್ಮ ಆಯಿ ಪಲ್ಯ ಸೋಸುತ್ತಿದ್ದ ಹೊತ್ತೇ ಮರಳಿ ಬಂದ ಹಾಗೆ ಆಗುತ್ತಿತ್ತು.

ಹೀಗೆ ಚಂದ ನಡೆದಿತ್ತು. ನಮ್ಮ ಶಿವರಾತ್ರಿ ಮುಗಿದ ಮುಂದಿನ ವಾರ ಆಯಿ ಊಟ ಬಿಟ್ಟಳು. ಹೆದರ್ ಕೋಳಿಯ ಸೂಪು ಮಾಡಿಟ್ಟು ಹೋದರೆ ತಾಟು ದೂಡುತ್ತಿದ್ದಳು. ಮೊಸರು ಕೊಟ್ಟರೆ ತುಟಿ ಬಿಗಿ. ಒಣ ಬ್ರೆಡ್ಡು, ಚಹಾ, ಅಷ್ಟೇ. ಬಾಯಲ್ಲಿ ಒಂದೇ ಮಾತು, "ಪೋಸ್ತ್, ಪೋಸ್ತ್."

ಇಲ್ಲಿ ಟಪಾಲಿಗೆ ಮೇಲ್ ಅನ್ನುತ್ತಾರೆ. ಪೋಸ್ಟ್ ಅನ್ನುವವರು ನಾವು. ಹಾಗಾಗಿ ನಾನೇ ದೊಡ್ಡ ತಿಳಿದವಳ ಹಾಗೆ ಹೆದರ್‌ಗೆ ಹೇಳಿದೆ, ಅವರು ಯಾರದೋ ಕಾಗದಕ್ಕೆ ಕಾಯುತ್ತಿದ್ದಾರೆ ಎಂದು. ಆ ಗಟ್ಟಿ ಹೆಂಗಸು ಅಡುಗೆಮನೆಯಲ್ಲೇ ಕುಸಿದು ಕೂತು ಅತ್ತಳು. "ಮೈಕಲ್ ಬರೀತಾನೆ ಅಂತ ಕಾಯ್ತಿದ್ದಾರೆ" ಅಂದಳು. ಮೈಕಲ್ ಅಂದರೆ ತೀರಿಹೋದ ಅವಳ ಗಂಡ, ಆಯಿಯ ಮಗ. ದಿನಾ ಹಿಮದಲ್ಲಿ ಆಯಿಗೆ ಕೋಟು ಬೂಟು ಹಾಕಿಸಿ ಟಪಾಲು ಡಬ್ಬಿಯವರೆಗೆ ನಡೆಸಿಕೊಂಡು ಹೋದೆ. ಪಿಜ್ಜಾದ ಜಾಹೀರಾತು ಕೈಗಿಟ್ಟರೆ ಸಿಟ್ಟಿನಿಂದ ಎಸೆದಳು.

ಮೈಯೆಲ್ಲ ಎಲುಬಾಯಿತು. ಡಾಕ್ಟರು, ಹೀಗಾದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅಂದರು. ಬರ್ಲಿಂಗ್ಟನ್‌ನ ವೃದ್ಧಾಶ್ರಮದಲ್ಲಿ ಹೆದರ್ ಒಂದು ಮಂಚ ಹಿಡಿದಿಟ್ಟಳು. "ಈಸ್ಟರ್ ವರೆಗೆ ನೋಡೋಣ ಚನ್ನಾ, ಆಮೇಲೆ ನನ್ನ ಕೈಲಿ ಆಗಲ್ಲ" ಅಂದಳು. ಅಲ್ಲಿ ಒಯ್ದು ಬಿಟ್ಟರೆ ಅವಳ ಮಾತು ಒಂದಾದರೂ ಯಾರಿಗೆ ತಿಳಿದೀತು? ಪೂಜೆಗೆ ಕೂತಾಗಲೂ ಇದೇ ಯೋಚನೆ.

ಯಂಗ್ ಸ್ಟ್ರೀಟಿನ ರಷ್ಯನ್ ಅಂಗಡಿಗೆ ಗ್ರೇಚ್ಕಾ ತರಲು ಹೋದೆ. ಅಂಗಡಿಯ ಲ್ಯೂದಾ ಬಾಯಿಬಡುಕಿ. "ನಿನ್ನ ಬಾಬುಷ್ಕಾ ಹೇಗಿದ್ದಾಳೆ?" ಎಂದು ಆಯಿಯ ಬಗ್ಗೆ ಕೇಳಿದಳು. ಬರದ ಕಾಗದಕ್ಕೆ ಕಾಯುತ್ತಾ ಉಪವಾಸ ಬಿದ್ದಿದ್ದಾಳೆ, ಪೋಸ್ತ್ ಪೋಸ್ತ್ ಅನ್ನುತ್ತಾಳೆ ಅಂದೆ. ಲ್ಯೂದಾ ಕೌಂಟರ್ ಬಡಿದು ನಕ್ಕಳು. "ಅಯ್ಯೋ ಮಾರಾಯ್ತಿ, ಪೋಸ್ತ್ ಅಂದ್ರೆ ಫಾಸ್ಟ್! ಈಸ್ಟರ್ ತನಕ ನೋ ಮಿಲ್ಕ್, ನೋ ಎಗ್, ನೋ ಮೀಟ್. ಫಾರ್ ಗಾಡ್!"

ಫಾಸ್ಟ್ ಅಂದರೆ ವ್ರತದ ಉಪವಾಸ ಅಕ್ಕಾ, ಟಪಾಲಲ್ಲ! ನಮ್ಮ ಆಯಿ ಕಡೆಗಾಲದಲ್ಲಿ ನನ್ನನ್ನು ನಮ್ಮವ್ವನ ಹೆಸರಿನಿಂದ ಕರೆಯುತ್ತಿದ್ದಳಲ್ಲ, ನೆನಪಿದೆಯಾ? ಮಗ ಯಾರು ಮೊಮ್ಮಗ ಯಾರು ತಿಳಿಯುತ್ತಿರಲಿಲ್ಲ. ಆದರೆ ಸೋಮವಾರದ ಉಪವಾಸ ಎಂದೂ ಬಿಡದವಳು, ಹಾಲಿನ ಬಟ್ಟಲು ಬಾಯಿಗೆ ಹಿಡಿದರೆ "ಇವತ್ತ ಸೋಮವಾರ ಐತೇನ್ಲೇ?" ಎಂದು ಕೇಳದೆ ಗುಟುಕು ಇಳಿಸುತ್ತಿರಲಿಲ್ಲ. ಈ ಆಯಿಯೂ ಮಗ ಸತ್ತದ್ದನ್ನು ಮರೆತಿದ್ದಾಳೆ, ವ್ರತವನ್ನು ಮರೆತಿಲ್ಲ.

ಅವತ್ತೇ ಕಾಶಾದ ಮೇಲೆ ಎಣ್ಣೆಯಲ್ಲಿ ಹುರಿದ ಉಳ್ಳಾಗಡ್ಡಿ, ಬಟಾಟೆ-ಸಬ್ಬಸಗಿ ಪಲ್ಯ. ತಾಟಿಟ್ಟು "ಆಯಿ, ಪೋಸ್ತ್" ಅಂದೆ. ನನ್ನ ಕೈ ಹಿಡಿದುಕೊಂಡಳು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ತಾಟು ಖಾಲಿ ಮಾಡಿದಳು. ಆಮೇಲೆ ಕೋಸಿನ ಸಾರು, ಅಣಬೆ, ಜೋಳದ ರೊಟ್ಟಿ ಕೂಡ. ನಮ್ಮ ಅಡುಗೆಯಲ್ಲಿ ತುಪ್ಪ-ಮೊಸರು ಬಿಟ್ಟರೆ ಅವರ ಪೋಸ್ತ್ ಊಟ ತಯಾರು. ಹೆದರ್‌ಗೆ ಹೇಳಿದಾಗ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಚಿಕನ್ ಸೂಪ್ ಮಾಡಿ ಮಾಡಿ ನನ್ನ ಕೈ ನೋಯ್ತಲ್ಲೇ!" ಅಂದಳು.

ಹೋದ ರವಿವಾರ ಅವರ ಈಸ್ಟರ್. ಉಳ್ಳಾಗಡ್ಡಿ ಸಿಪ್ಪೆಯ ನೀರಿನಲ್ಲಿ ಕುದಿಸಿ ಕೆಂಪು ಮಾಡಿದ ಮೊಟ್ಟೆಗಳು, ಕುಲೀಚ್ ಎಂಬ ಎತ್ತರದ ಸಿಹಿ ರೊಟ್ಟಿ. ನಾನೂ ಹೋಗಿದ್ದೆ. ಆದರೆ ಪೋಸ್ತ್ ಬಿಡಲು ಒಂದು ಪದ್ಧತಿ ಇದೆ. ಇಬ್ಬರು ಎದುರುಬದುರು ಕೂತು ಒಂದೊಂದು ಮೊಟ್ಟೆ ಹಿಡಿದು ಒಂದಕ್ಕೊಂದು ಕುಟ್ಟಬೇಕು. ಒಡೆಯದ ಮೊಟ್ಟೆಯವರು ಗೆದ್ದಂತೆ. ಆಯಿ ಕೈಯಲ್ಲಿ ಮೊಟ್ಟೆ ಹಿಡಿದು ಕಾಯುತ್ತಲೇ ಕೂತಳು, ಏನೂ ಮುಟ್ಟಲೊಲ್ಲಳು. ಕಡೆಗೆ ಅದೂ ಆಯಿತು, ಆಯಿ ಉಂಡಳು. ಕುಲೀಚ್‌ನ ದೊಡ್ಡ ತುಂಡು, ಗಿಣ್ಣಿನಂಥದ್ದೊಂದು ಸಿಹಿ, ಸಾಖರ್ ಹಾಕಿದ ಚಾಯ್.

ಸೋಮವಾರ ಹೆದರ್ ಬರ್ಲಿಂಗ್ಟನ್‌ಗೆ ಫೋನ್ ಮಾಡಿ, ಆ ಮಂಚ ಬೇರೆಯವರಿಗೆ ಕೊಡಿ ಅಂದಳು. ಆಯಿ ಇನ್ನು ಮನೆಯಲ್ಲೇ ಇರುತ್ತಾಳೆ.

ಮನೆಯಲ್ಲಿ ಎಲ್ಲರಿಗೂ ಶರಣು ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮೈಗಳ್ಳತನ ಬೇಡ.

ನಿನ್ನ
ಚನ್ನಿ

ತಾ.ಕ.: ಈ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೋ, ನಿಮ್ಮ ಮನೆಯ ಮಾಮಾರಿಗೆ ಕೇಳಿಸಬಾರದು. ಈಸ್ಟರ್ ದಿನ ಬೆಳಿಗ್ಗೆ ಹೆದರ್ ಆಸ್ಪತ್ರೆಯಿಂದ ಕರೆ ಬಂದು ಹೋಗಿಬಿಟ್ಟಿದ್ದಳು. ಮನೆಯಲ್ಲಿ ನಾನು, ಆಯಿ ಇಬ್ಬರೇ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಈ ಕೈಯಿಂದಲೇ ಹಿಡಿದೆ. ಕುಟ್ಟಿದಾಗ ಆಯಿಯದು ಒಡೆಯಿತು. ಸುಲಿದು ಕೊಟ್ಟವಳೂ ನಾನೇ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ವಿಭೂತಿ ಧರಿಸಿ, ಲಿಂಗವನ್ನು ಅದೇ ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಅಂಜಿಕೆ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.