ಮಲಗಲು ಬಿಡಿ ಎಂದದ್ದಕ್ಕೆ ಮೂರು ಭಾನುವಾರ

ಆಸ್ಪತ್ರೆಯ ಬೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಾನು ಮಾಡಿದ ತಪ್ಪಿಗೆ ನಿಮ್ಮಲ್ಲಿ ಬೇರೊಬ್ಬಳು ಶಿಕ್ಷೆ ಅನುಭವಿಸುತ್ತಿದ್ದಾಳೆ. ಅರ್ಜಿಯನ್ನು ‘ಸವಿನಯ ಪ್ರಾರ್ಥನೆ’ ಎಂದು ಆರಂಭಿಸಲು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನ ಸಾಲು ಮರೆತಿದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ.

ನನ್ನ ಹಿಂದಿನ ಕೋಣೆಯಲ್ಲಿ ನಿಮ್ಮ ಮೊದಲ ವರ್ಷದ ತರಬೇತಿ ವೈದ್ಯೆಯೊಬ್ಬಳು ಬಾಡಿಗೆಗಿದ್ದಾಳೆ. ದೂರದ ವಹಾಕಾದವಳು. ಇದ್ದಾಳೆ ಎನ್ನುವುದು ಮಾತಿಗೆ. ಇರುವುದು ಅವಳ ಹಾಸಿಗೆ. ಮೊಂತೆರ್ರೆಗೆ ಬಂದು ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಈ ಊರಿನ ಕೂಸಿಗೂ ಗೊತ್ತಿರುವ, ಕುದುರೆಯ ಜೀನಿನ ಆಕಾರದ ಜೀನು ಬೆಟ್ಟವನ್ನು ಅಂಗಳದಿಂದ ನೋಡಿ, “ದೊನ್ ಲಾಲೊ, ಇದನ್ನ ಯಾವಾಗ ತಂದಿಟ್ರಿ?” ಎಂದಳು. ನಕ್ಕೆ. ಆಮೇಲೆ ಹೊಳೆಯಿತು: ಹಗಲಿನಲ್ಲಿ ಅವಳು ಅಂಗಳಕ್ಕೆ ಬಂದದ್ದೇ ಅದು ಮೊದಲು.

ಪಟ್ಟಿಯ ಪಾಳಿ ಮುಗಿದ ಮೇಲೂ ನಿಮ್ಮಲ್ಲಿ ಶಿಕ್ಷೆಯ ಪಾಳಿ ಇದೆಯಂತೆ. ರಕ್ತದ ವರದಿ ತಡವಾದರೆ, ಹಿರಿಯರಿಗಿಂತ ಮೊದಲು ತಟ್ಟೆ ಮುಟ್ಟಿದರೆ, ಮನೆಗೆ ಹೋಗುವಂತಿಲ್ಲ. ಇದು ಯಾವ ಆದೇಶದಲ್ಲಿದೆ, ಸ್ವಾಮಿ? ಒಂದು ಮಾತ್ರೆಗೂ ಸಹಿ ಕೇಳುವ ಸಂಸ್ಥೆಯಲ್ಲಿ ಒಬ್ಬಳ ನಿದ್ದೆ ಕಿತ್ತುಕೊಳ್ಳಲು ಬಾಯಿಮಾತು ಸಾಕೇ?

ಕಳೆದ ತಿಂಗಳು ಅವಳು ಎರಡು ದಿನ ಬರದಿದ್ದಾಗ ಮೆಕ್ಕೆಜೋಳದ ಹಿಟ್ಟಿನ ತಮಾಲೆ ಬೇಯಿಸಿಕೊಂಡು (ಹೆಂಡತಿ ರೆಮೆದಿಯೋಸ್ ತೀರಿಕೊಂಡ ಮೇಲೆ ನಾನೇ ಕಲಿತದ್ದು, ಹಿಟ್ಟು ತುಸು ಗಟ್ಟಿಯಾಗುತ್ತದೆ) ವಾರ್ಡಿಗೆ ಹೋದೆ. ಅವಳಿಗೆ ಪಾಳಿ ಹಾಕುವ ಮೂರನೇ ವರ್ಷದ ತರಬೇತಿ ವೈದ್ಯನಿಗೆ, “ಮಗೂಗೆ ಒಂದಿಷ್ಟು ಮಲಗೋಕೆ ಬಿಡಪ್ಪ” ಎಂದೆ.

“ಅದಕ್ಕೇನಂತೆ, ದೊನ್” ಎಂದು ಎರಡು ತಮಾಲೆ ತಿಂದ. ನಾನು ಗೇಟು ದಾಟುವಷ್ಟರಲ್ಲಿ ಅವಳಿಗೆ ಮೂರು ಭಾನುವಾರದ ಶಿಕ್ಷೆಯ ಪಾಳಿ ಬಿದ್ದಿತ್ತು. “ವಕೀಲರನ್ನ ಕರೆಸೋವಷ್ಟು ದೊಡ್ಡೋರಾದ್ರಾ, ಡಾಕ್ಟರಮ್ಮ?” ಎಂದನಂತೆ.

ದೂರು ಕೊಡುತ್ತೇನೆಂದು ಎದ್ದೆ. ಅವಳು ಶೂ ಬಿಚ್ಚುತ್ತ ಹೇಳಿದಳು: “ಬೇಡ, ದೊನ್ ಲಾಲೊ. ನೀವು ಬಾಯಿ ಬಿಟ್ಟಷ್ಟೂ ನನಗೇ ಬೀಳತ್ತೆ.” ಇನ್ನೊಂದು ಶೂ ಬಿಚ್ಚುವ ಮೊದಲೇ ನಿದ್ದೆ ಹೋದಳು.

ನನ್ನ ಹೆಂಡತಿಯ ಕೊನೆಯ ದಿನಗಳು ನಿಮ್ಮಲ್ಲೇ ಕಳೆದವು. ಅವಳ ಕೈಯಲ್ಲಿ ರಕ್ತನಾಳ ಸಿಗದೆ ಒಬ್ಬ ತರಬೇತಿ ವೈದ್ಯ ನಾಲ್ಕು ಸಲ ಸೂಜಿ ಚುಚ್ಚಿದ. ಸೋಮಾರಿ ಎಂದು ಎಲ್ಲರೆದುರು ಬೈದೆ. “ಕ್ಷಮಿಸಿ, ಕಣ್ಣು ಮಂಜಾಗ್ತಿದೆ” ಎಂದಿದ್ದ. ಅವನು ಎಷ್ಟು ಹೊತ್ತಿನಿಂದ ನಿಂತಿದ್ದನೆಂದು ನಾನು ಕೇಳಲಿಲ್ಲ. ಅವತ್ತು ನಾನು ಬೈಯಬೇಕಾದದ್ದು ಯಾರನ್ನು?

ಈ ಭಾನುವಾರ ಮೂರನೆಯದು. ಅಂದೇ ಅವಳ ತಾಯಿ ಬರುತ್ತಾರೆ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದು, ಸೋಮವಾರ ಬೆಳಿಗ್ಗೆ ಹಿಂತಿರುಗುತ್ತಾರೆ. ಏಳು ತಿಂಗಳಿಂದ ಮಗಳ ಮುಖ ನೋಡಿಲ್ಲ. ನನ್ನ ಅಡುಗೆಮನೆಯಲ್ಲಿ ನನ್ನ ಮುಖ ನೋಡಿಕೊಂಡು ಹೋಗಬೇಕೇ?

ಆ ಪದ್ಧತಿಯನ್ನೇ ಕಿತ್ತೊಗೆಯಿರಿ ಎಂದು ಕೇಳಬೇಕಿತ್ತು. ಅಷ್ಟು ಧೈರ್ಯವಿಲ್ಲ. ಈ ಒಂದು ಭಾನುವಾರ ಅವಳನ್ನು ಮನೆಗೆ ಕಳುಹಿಸಿ. ಈ ಪತ್ರಕ್ಕೂ ಶಿಕ್ಷೆ ಇರುವುದಾದರೆ ನನ್ನ ಹೆಸರಿಗೆ ಬರೆಯಿರಿ, ಬಂದು ನಿಲ್ಲುತ್ತೇನೆ.

ಇಂತಿ,
ಇದನ್ನು ಪತ್ರಿಕೆಗೆ ಕೊಟ್ಟಿರುವುದನ್ನು ಅವಳಿಗಿನ್ನೂ ಹೇಳದ
ಎದುವಾರ್ದೊ ‘ಲಾಲೊ’ ಕಾಂತು